ಪ್ರಮಾಣ ಮತ್ತು ಶೇಕಡಾವಾರು: ಕೃತಿಚೌರ್ಯ ನಿಯಮಾವಳಿಯ ಒಂದು ಗಡಿನಾಡ ಓದು

ಕನ್ನಡದಲ್ಲಿ ಸಿದ್ಧವಾಗುವ ಪಿಎಚ್.ಡಿ. ಮಹಾಪ್ರಬಂಧದ ಮೊದಲ ಪುಟಗಳಲ್ಲಿ ಬಹುಕಾಲದಿಂದ ಎರಡು ಪತ್ರಗಳು ಇರುತ್ತ ಬಂದಿವೆ. ಪ್ರಬಂಧವು ತನ್ನ ಸ್ವಂತ ಅಧ್ಯಯನದ ಫಲವೆಂದು ಸಂಶೋಧಕರು ಸಹಿ ಹಾಕುವ ಘೋಷಣೆ ಒಂದು; ಅದು ಹೌದೆಂದು ಮಾರ್ಗದರ್ಶಕರು ಸಹಿ ಹಾಕುವ ದೃಢೀಕರಣ ಇನ್ನೊಂದು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮೂರನೆಯದೊಂದು ಸೇರಿದೆ: ತಂತ್ರಾಂಶ ಕೊಟ್ಟ ಸಾಮ್ಯ ವರದಿ. ಮೊದಲ ಎರಡನ್ನು ಯಾರೂ ನಿಂತು ಓದುವುದಿಲ್ಲ. ಮೂರನೆಯದರಲ್ಲಿ ಒಂದು ಅಂಕಿಯನ್ನಷ್ಟೇ ನೋಡುತ್ತಾರೆ. ಅಂಕಿ ಹತ್ತನ್ನು ದಾಟದಿದ್ದರೆ ಪ್ರಾಮಾಣಿಕತೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಎರಡು ಭಾಷೆಗಳ ನಡುವೆ ನಡೆಯುವ ಸಂಶೋಧನೆಯ ಮಟ್ಟಿಗೆ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ. ಮದ್ರಾಸು, ಮುಂಬಯಿ, ಉಸ್ಮಾನಿಯಾ ಮತ್ತು ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಾಗಲಿ, ಕಾಸರಗೋಡು, ಸೊಲ್ಲಾಪುರ ಸೀಮೆಗಳ ಕನ್ನಡ ಸಂಶೋಧಕರಲ್ಲಾಗಲಿ, ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವುದು ದಿನನಿತ್ಯದ ಕೆಲಸ. ಅಲ್ಲಿ ಪ್ರಾಮಾಣಿಕತೆ ಎಂದರೇನು, ಅದನ್ನು ಯಾರು ಅಳೆಯಬೇಕು ಎಂಬುದಕ್ಕೆ ಈಗಿನ ನಿಯಮದ ಪಠ್ಯ ಕೊಡುವ ಉತ್ತರವನ್ನು ವಿಮರ್ಶೆಯ ಕಣ್ಣಿನಿಂದ ಓದಬೇಕಾಗಿದೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯ ಹೆಸರಿನಲ್ಲೇ ಎರಡು ಉದ್ದೇಶಗಳಿವೆ: ಶೈಕ್ಷಣಿಕ ಪ್ರಾಮಾಣಿಕತೆಯನ್ನು ಉತ್ತೇಜಿಸುವುದು, ಕೃತಿಚೌರ್ಯವನ್ನು ತಡೆಯುವುದು. ಅದು ಕೃತಿಚೌರ್ಯಕ್ಕೆ ಕೊಡುವ ವ್ಯಾಖ್ಯೆ ಚಿಕ್ಕದು, ವಿಶಾಲವಾದದ್ದು: ಇನ್ನೊಬ್ಬರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತೆಗೆದುಕೊಂಡು ತನ್ನದೆಂದು ಮುಂದಿಡುವುದು. ವಿಚಾರ ಎಂಬ ಮಾತು ಇಲ್ಲಿ ಮುಖ್ಯ. ವಿಚಾರಕ್ಕೆ ಲಿಪಿಯಿಲ್ಲ, ಮಲಯಾಳದಿಂದ ಎತ್ತಿದರೂ ಮರಾಠಿಯಿಂದ ಎತ್ತಿದರೂ ಕಳವು ಕಳವೇ. ಆದರೆ ಇದೇ ಪಠ್ಯ ಶಿಕ್ಷೆಯ ಭಾಗಕ್ಕೆ ಬರುವ ಹೊತ್ತಿಗೆ ವಿಚಾರ ಹಿಂದೆ ಸರಿದು ಶೇಕಡಾವಾರು ಮುಂದೆ ಬರುತ್ತದೆ. ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಒಪ್ಪಿಸಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಒಪ್ಪಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಪಠ್ಯದ ಮೊದಲ ಭಾಗ ನೀತಿಯ ಭಾಷೆಯನ್ನಾಡಿದರೆ ಕೊನೆಯ ಭಾಗ ತಕ್ಕಡಿಯ ಭಾಷೆಯನ್ನಾಡುತ್ತದೆ. ಎರಡರ ನಡುವೆ ಸೇತುವೆಯಿಲ್ಲ.

'ಪ್ರಾಮಾಣಿಕತೆ'ಯ ಮೂಲದಲ್ಲಿರುವ 'ಪ್ರಮಾಣ' ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳು ಬಳಕೆಯಲ್ಲಿವೆ: ಆಣೆ, ಆಧಾರ, ಅಳತೆ. ಗಡಿ ದಾಟಿದಂತೆ ಈ ಅರ್ಥಗಳು ಹಂಚಿಹೋಗುತ್ತವೆ. ತೆಲುಗಿನಲ್ಲೂ ತಮಿಳಿನಲ್ಲೂ ಆಣೆಯ ಅರ್ಥ ಜೀವಂತವಾಗಿದೆ. ಮಲಯಾಳದಲ್ಲಿ ದಾಖಲೆಪತ್ರದ ಅರ್ಥ ಮೇಲಾಗಿದೆ. ಮರಾಠಿಯಲ್ಲಿ ಆಣೆಗೆ 'ಶಪಥ'ವೇ ರೂಢಿ; 'ಪ್ರಮಾಣ'ವೆಂದರೆ ಹೆಚ್ಚಾಗಿ ಅಳತೆ, ಮಾನಕ. ಕಾಸರಗೋಡು ಸೀಮೆಯ ಕನ್ನಡಿಗನಿಗಾದರೋ 'ಪ್ರಮಾಣಕ್ಕೆ ಬಾ' ಎಂದರೆ ಕಾನತ್ತೂರಿನ ದೈವಗಳ ಮುಂದೆ ನಿಂತು ಸತ್ಯ ಹೇಳು ಎಂದೇ ಅರ್ಥ. ಅಲ್ಲಿ ಹೇಳುವವನು ತನ್ನನ್ನೇ ಪಣಕ್ಕಿಡುತ್ತಾನೆ. ಮಹಾಪ್ರಬಂಧದ ಘೋಷಣೆಯೂ ರೂಪದಲ್ಲಿ ಅಂಥದ್ದೇ ಮಾತು. 2018ರ ನಿಯಮಾವಳಿ ಅದನ್ನು ತೆಗೆದುಹಾಕಲಿಲ್ಲ. ಪ್ರತಿ ವಿದ್ಯಾರ್ಥಿಯೂ ಬರಹ ತನ್ನದೇ, ಕೃತಿಚೌರ್ಯದಿಂದ ಮುಕ್ತ ಎಂದು ಬರೆದುಕೊಡಬೇಕೆಂದಿತು. ಆದರೆ ಸಂಸ್ಥೆ ಒಪ್ಪಿದ ತಂತ್ರಾಂಶದಿಂದ ತಪಾಸಣೆಯಾಗಿದೆ ಎಂಬ ಮಾತೂ ಅದೇ ಹೇಳಿಕೆಯಲ್ಲಿ ಇರಬೇಕೆಂದು ಸೇರಿಸಿತು. ಈ ಸೇರ್ಪಡೆಯಿಂದ ಪತ್ರದ ಜಾತಿಯೇ ಬದಲಾಯಿತು. ಆಣೆಯಾಗಿದ್ದದ್ದು ಮುಚ್ಚಳಿಕೆಯಾಯಿತು. ಸಂಶೋಧಕ ಈಗ ಹೇಳುತ್ತಿರುವುದು 'ನಾನು ಕದ್ದಿಲ್ಲ' ಎಂದಲ್ಲ, 'ನನ್ನನ್ನು ತಪಾಸಿಸಿದ್ದಾರೆ' ಎಂದು.

ಆಣೆಯೊಂದನ್ನೇ ನಂಬಿ ನಡೆಯಲು ಹೊರಟ ವಿಶ್ವವಿದ್ಯಾಲಯಗಳೂ ಇವೆ. ಅಮೆರಿಕದ ಗೌರವ ಸಂಹಿತೆಗಳ ಚರಿತ್ರೆ ಈ ಕಾರಣಕ್ಕೆ ಇಲ್ಲಿ ಪ್ರಸ್ತುತ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1840ರಲ್ಲಿ ಮುಖವಾಡ ತೊಟ್ಟ ವಿದ್ಯಾರ್ಥಿಯೊಬ್ಬನ ಗುಂಡಿಗೆ ಕಾನೂನಿನ ಪ್ರಾಧ್ಯಾಪಕರೊಬ್ಬರು ಬಲಿಯಾದರು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವೆ ನಂಬಿಕೆ ಮುರಿದುಬಿದ್ದ ಆ ಹಿನ್ನೆಲೆಯಲ್ಲಿ, 1842ರಲ್ಲಿ, ಪರೀಕ್ಷೆಯಲ್ಲಿ ಯಾರ ನೆರವನ್ನೂ ಪಡೆದಿಲ್ಲವೆಂದು ವಿದ್ಯಾರ್ಥಿ ತನ್ನ ಗೌರವದ ಮೇಲೆ ಬರೆದುಕೊಡುವ ಪದ್ಧತಿ ಅಲ್ಲಿ ಬಂತು. ಪ್ರಿನ್ಸ್‌ಟನ್‌ನಲ್ಲಿ 1893ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ 1921ರಲ್ಲಿ ಇಂಥ ಸಂಹಿತೆಗಳು ಜಾರಿಯಾದವು. ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ಅಧ್ಯಾಪಕರಿರುವುದಿಲ್ಲ, ಸಹಪಾಠಿಯ ತಪ್ಪನ್ನು ಕಂಡರೆ ವಿದ್ಯಾರ್ಥಿಗಳೇ ಹೇಳಬೇಕು ಎಂಬುದು ಇವುಗಳ ಒಳತಿರುಳು.

ಇವನ್ನು ದೂರದ ಬೆಟ್ಟದಂತೆ ನುಣ್ಣಗೆ ಕಾಣುವ ಅಗತ್ಯವಿಲ್ಲ. ವರ್ಜೀನಿಯಾದ 'ಗೌರವ' ಗುಲಾಮರನ್ನಿಟ್ಟುಕೊಂಡ ಸಮಾಜದ ಬಿಳಿಯ ಗಂಡಸಿನ ಗೌರವವಾಗಿತ್ತು. ಆ ವಿಶ್ವವಿದ್ಯಾಲಯ ಮೊದಲ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡದ್ದು 1950ರಲ್ಲಿ, ಅದೂ ನ್ಯಾಯಾಲಯದ ಆದೇಶದ ಮೇಲೆ. ಯಾರ ಮಾತು ಮಾತೆನಿಸಿಕೊಳ್ಳುತ್ತದೆ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು. 2022ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಬದಲಿಸುವವರೆಗೆ, ತಪ್ಪಿತಸ್ಥರೆಂದು ತೀರ್ಮಾನವಾದವರಿಗೆ ಹೊರಹಾಕುವುದೊಂದೇ ಶಿಕ್ಷೆಯಾಗಿತ್ತು. ಸ್ಟ್ಯಾನ್‌ಫರ್ಡ್ ಕೂಡ 2023ರಲ್ಲಿ ಪರೀಕ್ಷಾ ಮೇಲ್ವಿಚಾರಣೆಯನ್ನು ಪ್ರಾಯೋಗಿಕವಾಗಿ ಮರಳಿ ತರುವ ತೀರ್ಮಾನಕ್ಕೆ ಬಂತು. ಇಷ್ಟಾದರೂ ಈ ಸಂಹಿತೆಗಳಲ್ಲಿ ಒಂದು ಅಂಶ ಸ್ಪಷ್ಟವಾಗಿದೆ: ಮಾತು ಕೊಡುವವರಿಗೆ ತಾವು ಯಾರಿಗೆ ಕೊಡುತ್ತಿದ್ದೇವೆಂಬುದು ತಿಳಿದಿರುತ್ತದೆ. ಎದುರಿಗೆ ಸಹಪಾಠಿಗಳಿದ್ದಾರೆ. ಭಾರತದ ಮಹಾಪ್ರಬಂಧದ ಘೋಷಣೆಗೆ ಎದುರಿಗೆ ಯಾರೂ ಇಲ್ಲ. ಅದು ಕುಲಸಚಿವರ ಕಚೇರಿಗೆ ಬರೆದ ಕಾಗದ.

ತಕ್ಕಡಿಯಾದರೂ ಸರಿಯಾಗಿ ತೂಗುತ್ತದೆಯೇ? ನಿಯಮಾವಳಿ ಸಾಮಾನ್ಯ ಜ್ಞಾನವನ್ನೂ ಕಾಕತಾಳೀಯ ಪದಗಳನ್ನೂ ಸತತ 14 ಪದಗಳವರೆಗೆ ಲೆಕ್ಕದಿಂದ ಬಿಟ್ಟಿದೆ. ಇಂಗ್ಲಿಷಿನಲ್ಲಿ 14 ಪದವೆಂದರೆ ಒಂದು ಸಾಧಾರಣ ವಾಕ್ಯ. ಕನ್ನಡದಲ್ಲಿ 'ಬರೆಯಬೇಕೆಂದುಕೊಂಡಿದ್ದವರಿಗೂ' ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಏಳೆಂಟು ಪದಗಳಾದರೂ ಬೇಕು. ಹದಿನಾಲ್ಕು ಕನ್ನಡ ಪದಗಳಲ್ಲಿ ಎರಡು ವಾಕ್ಯಗಳು ಸುಖವಾಗಿ ಕೂರುತ್ತವೆ. ಇನ್ನು ಸಂಧಿ. 'ಅವರು ಎಂದು' ಎಂಬುದನ್ನು 'ಅವರೆಂದು' ಎಂದು ಕೂಡಿಸಿದರೆ ಪದದ ಎಣಿಕೆಯೂ ಬದಲಾಗುತ್ತದೆ, ಸರಣಿಯೂ ಕಡಿಯುತ್ತದೆ. 'ಮಾಡಿದ್ದಾರೆ' ಎಂಬುದನ್ನು 'ಮಾಡಲಾಗಿದೆ' ಎಂದರೂ ಅಷ್ಟೇ. ನಕಲು ಮಾಡುವವನಿಗೆ ಕೇಶಿರಾಜನ ವ್ಯಾಕರಣ ಪೂರ್ತಿ ಬೇಕಿಲ್ಲ. ಲೋಪ ಆಗಮ ಆದೇಶಗಳ ಮೊದಲ ಪಾಠ ಸಾಕು. ಸಮಾಸವೂ ಪ್ರತ್ಯಯವೂ ತುಂಬಿದ ಭಾಷೆಗೆ ಪದವನ್ನು ಅಳತೆಯ ಘಟಕವಾಗಿ ಕೊಟ್ಟವರು ಆ ಭಾಷೆಯ ಪದ ಎಲ್ಲಿ ಮುಗಿಯುತ್ತದೆಂದು ಕೇಳಿದಂತೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಹೋಲಿಕೆಗೆ ಇಟ್ಟಿರುವ ಭಂಡಾರದ್ದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಲ್ಲಿ 'ಶೋಧಶುದ್ಧಿ' ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ತಪಾಸಣಾ ತಂತ್ರಾಂಶವನ್ನು ಒದಗಿಸತೊಡಗಿತು. ಅದೇ ಕೇಂದ್ರದ 'ಶೋಧಗಂಗಾ' ಭಂಡಾರದಲ್ಲಿ ಕನ್ನಡ ಪ್ರಬಂಧಗಳೂ ಇವೆ. ಆದರೆ ಅವುಗಳಲ್ಲಿ ಹಳೆಯವು ಎಷ್ಟೋ ಚಿತ್ರರೂಪದಲ್ಲಿ ಸ್ಕ್ಯಾನ್ ಆದವು. ಇನ್ನಷ್ಟು, ಯುನಿಕೋಡ್ ಪೂರ್ವದ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದವು. ಅಂಥ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಸಿಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹೀಗಾಗಿ ಹೊಸ ಪ್ರಬಂಧವೊಂದು ಹಳೆಯ ಕನ್ನಡ ಪ್ರಬಂಧದಿಂದ ಅಧ್ಯಾಯಗಟ್ಟಲೆ ಎತ್ತಿಕೊಂಡಿದ್ದರೂ ವರದಿಯಲ್ಲಿ ಸೊನ್ನೆ ಬರುವುದು ಅಸಂಭವವೇನಲ್ಲ. ಆ ಸೊನ್ನೆಯ ಅರ್ಥ 'ಕದ್ದಿಲ್ಲ' ಎಂದಲ್ಲ, 'ಕಂಡಿಲ್ಲ' ಎಂದು. ವರದಿಯ ನಮೂನೆಯಲ್ಲಿ ಈ ಎರಡನ್ನು ಬೇರೆಮಾಡಿ ತೋರಿಸುವ ಅಂಕಣವಿಲ್ಲ.

ತದ್ವಿರುದ್ಧವಾಗಿ, ನೇರವಾಗಿ ನಡೆದುಕೊಂಡವರು ಸಿಕ್ಕಿಬೀಳುವುದುಂಟು. ಶಾಸನ ಅಧ್ಯಯನದ ಪ್ರಬಂಧದಲ್ಲಿ ಪ್ರಕಟಿತ ಶಾಸನಪಾಠಗಳೂ, ಕಾವ್ಯಾಧ್ಯಯನದಲ್ಲಿ ಪದ್ಯಗಳೂ ಪುಟಗಟ್ಟಲೆ ಬರುತ್ತವೆ. ಆಧಾರ ಹೇಳಿದ ಉದ್ಧರಣೆಗಳನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮವೇ ಹೇಳುತ್ತದೆ. ಆದರೆ ಉದ್ಧರಣ ಚಿಹ್ನೆಯಿಲ್ಲದೆ, ಒಳಕ್ಕೆ ಸರಿಸಿ ಅಚ್ಚುಮಾಡುವ ಕನ್ನಡದ ರೂಢಿಯನ್ನು ತಂತ್ರಾಂಶ ಗುರುತಿಸುವ ಖಾತರಿಯಿಲ್ಲ. ಆಗ ಸಂಶೋಧಕರ ಮುಂದೆ ಇರುವ ಸುಲಭದ ದಾರಿ ಮೂಲಪಾಠವನ್ನೇ ಕಡಿಮೆಮಾಡುವುದು, ಇಲ್ಲವೇ ಪದ್ಯದ ಬದಲು ಅದರ ಸಾರಾಂಶ ಕೊಡುವುದು. ಅಂಕಿ ಇಳಿಯುತ್ತದೆ, ಪ್ರಬಂಧ ತೆಳುವಾಗುತ್ತದೆ.

ಸಾಮ್ಯವನ್ನು ಹೇಗೆ ಓದಬೇಕೆಂಬುದಕ್ಕೆ ಗಡಿನಾಡಿನ ವಿದ್ವತ್ತಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಯಕ್ಷಗಾನ ರಾಮಾಯಣ ಪ್ರಸಂಗಗಳಿಗೂ, ಮಲಯಾಳದಲ್ಲಿ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಕೃತಿಗಳಿಗೂ ಇರುವ ಸಂಬಂಧ ಕಳೆದ ಶತಮಾನದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಶಿವರಾಮ ಕಾರಂತರು ಪಾರ್ತಿಸುಬ್ಬನ ಕರ್ತೃತ್ವವನ್ನೇ ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಅವನ ಪರವಾಗಿ ನಿಂತರು. ಕಥಕ್ಕಳಿಯ ಪಠ್ಯದೊಂದಿಗೆ ಪ್ರಸಂಗಗಳಿಗಿರುವ ಹತ್ತಿರದ ಹೋಲಿಕೆಯನ್ನು ಅವರು ಮರೆಮಾಚಲಿಲ್ಲ, ತಮ್ಮ ವಾದದ ಆಧಾರವನ್ನಾಗಿಯೇ ಬಳಸಿದರು. ಮಲಯಾಳ ಬಲ್ಲ ಕನ್ನಡ ಕವಿಯೇ ಇವುಗಳ ಕರ್ತೃವಾಗಿರಬೇಕು, ಅಂಥವನು ಇದ್ದದ್ದು ಕುಂಬಳೆ ಸೀಮೆಯಲ್ಲಿ ಎಂಬ ದಿಕ್ಕಿನ ತರ್ಕಕ್ಕೆ ಆ ಹೋಲಿಕೆಯೇ ಬಲ ಕೊಟ್ಟಿತು. ವಿವಾದದಲ್ಲಿ ಯಾರು ಸರಿ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಗಮನಿಸಬೇಕಾದದ್ದು ವಿಧಾನವನ್ನು. ಹೋಲಿಕೆ ಅಲ್ಲಿ ತೀರ್ಪಾಗಿರಲಿಲ್ಲ, ಓದಿನ ಮೊದಲ ಹೆಜ್ಜೆಯಾಗಿತ್ತು. ಎರಡೂ ಭಾಷೆ ಬಲ್ಲವರು ಎರಡೂ ಪಠ್ಯಗಳನ್ನು ಎದುರಿಗಿಟ್ಟುಕೊಂಡು, ಹೋಲಿಕೆ ಎಲ್ಲಿದೆ, ಎಂಥದ್ದು, ಅದರಿಂದ ಏನು ತಿಳಿಯುತ್ತದೆಂದು ಕೇಳಿದರು.

ಹೋಲಿಕೆಯ ಬಗೆಗಳನ್ನು ವಿಂಗಡಿಸುವ ಕೆಲಸ ಭಾರತೀಯ ಕಾವ್ಯಮೀಮಾಂಸೆಗೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಒಂದು ಕಾವ್ಯ ಇನ್ನೊಂದನ್ನು ಹೋಲುವುದಕ್ಕೆ 'ಸಂವಾದ' ಎಂದೇ ಹೆಸರಿಟ್ಟು, ಅದನ್ನು ಮೂರಾಗಿ ವಿಂಗಡಿಸುತ್ತಾನೆ: ಕನ್ನಡಿಯ ಬಿಂಬದಂಥದ್ದು, ಚಿತ್ರದಂಥದ್ದು, ಒಂದೇ ಬಗೆಯ ದೇಹವುಳ್ಳ ಬೇರೆ ಜೀವಿಯಂಥದ್ದು. ಮೊದಲೆರಡನ್ನು ಕವಿ ಬಿಡಬೇಕು. ಮೂರನೆಯದಕ್ಕೆ ತನ್ನದೇ ಆದ ಜೀವವಿದೆಯಾದ್ದರಿಂದ ಅದು ತ್ಯಾಜ್ಯವಲ್ಲ. ಮುಂದೆ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ 'ಹರಣ'ದ ಬಗೆಗಳನ್ನು ಶಬ್ದಹರಣ, ಅರ್ಥಹರಣ ಎಂದು ಬೇರ್ಪಡಿಸಿ ಇನ್ನಷ್ಟು ಬೆಳೆಸಿದ. ಇವು ಕಾವ್ಯಕ್ಕೆ ಹೇಳಿದ ಮಾತುಗಳು. ಶಾಸ್ತ್ರಗ್ರಂಥದಲ್ಲಿ ಋಣ ಹೇಳುವ ಇಂದಿನ ಕಟ್ಟುಪಾಡಿಗೆ ಇವನ್ನು ಹಾಗೆಯೇ ತಂದು ಹೊಂದಿಸಲಾಗದು. ಕನ್ನಡದ ಮೊದಲ ಉಪಲಬ್ಧ ಗ್ರಂಥ ಕವಿರಾಜಮಾರ್ಗವೇ ದಂಡಿಯ ಕಾವ್ಯಾದರ್ಶಕ್ಕೆ ಬಹಳಷ್ಟು ಋಣಿ; ಇಂದಿನ ತಂತ್ರಾಂಶಕ್ಕೆ ಆ ಎರಡನ್ನೂ ಉಣಿಸಿದರೆ ಅಕ್ಷರಶಃ ಸಾಮ್ಯ ಸಿಗಲಾರದು, ಆ ಗ್ರಂಥದ ಹಿರಿಮೆಯೂ ತಿಳಿಯಲಾರದು. ಕನ್ನಡದ ದೇಶ, ದೇಸಿ, ಪೂರ್ವಕವಿಗಳ ಕುರಿತು ಅದು ಸ್ವತಂತ್ರವಾಗಿ ಹೇಳುವ ಮಾತುಗಳನ್ನು ದಂಡಿಯನ್ನೂ ಓದಿದವರು ಮಾತ್ರ ಸ್ವತಂತ್ರವೆಂದು ಗುರುತಿಸಬಲ್ಲರು.

ಅನುವಾದದ ಹಾದಿಯಲ್ಲಿ ನಡೆಯುವ ಕಳವು ಇಂದಿನ ಗಡಿನಾಡ ಸಂಶೋಧನೆಯ ನಿಜವಾದ ಅಪಾಯ. ಪಂಢರಪುರದ ವಿಠ್ಠಲನ ಅಧ್ಯಯನವನ್ನೇ ತೆಗೆದುಕೊಳ್ಳಬಹುದು. ರಾ.ಚಿಂ. ಢೇರೆಯವರ 'ಶ್ರೀವಿಠ್ಠಲ: ಏಕ ಮಹಾಸಮನ್ವಯ' ಎಂಬ ಮರಾಠಿ ಗ್ರಂಥ 1984ರಲ್ಲಿ ಬಂತು. ವಿಠ್ಠಲನ ಬೇರುಗಳನ್ನು ಪಶುಪಾಲಕರ ದೈವದಲ್ಲಿ, ದಕ್ಷಿಣದ ಸೀಮೆಗಳಲ್ಲಿ ಹುಡುಕುವ ಆ ಗ್ರಂಥವನ್ನು ಬಿಟ್ಟು ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಭಾಗದ ಯಾವ ಕನ್ನಡ ಸಂಶೋಧಕನೂ ಈ ವಿಷಯವನ್ನು ಕುರಿತು ಬರೆಯಲಾರ. ಅದರ ಒಂದು ಅಧ್ಯಾಯವನ್ನು ಕನ್ನಡಕ್ಕೆ ತಿರುಗಿಸಿ, ಗ್ರಂಥದ ಹೆಸರನ್ನು ಪರಾಮರ್ಶನ ಪಟ್ಟಿಯಲ್ಲಿ ಮಾತ್ರ ಸೇರಿಸಿ, ವಾದವನ್ನು ತನ್ನದೆಂದು ಇಟ್ಟವನಿಗೆ ಸಾಮ್ಯ ವರದಿ ಸ್ವಚ್ಛ ಪ್ರಶಸ್ತಿ ಪತ್ರ ಕೊಡಬಲ್ಲದು. ಅದೇ ಗ್ರಂಥದಿಂದ ಎಂಟು ವಾಕ್ಯಗಳನ್ನು ಮೂಲ ಮರಾಠಿಯಲ್ಲೇ ಉದ್ಧರಿಸಿ, ಒಪ್ಪದ ಕಡೆ ಜಗಳವಾಡಿದವನ ಅಂಕಿ ಮೇಲಿರಬಹುದು. ಯಂತ್ರಾನುವಾದ ಕೈಗೆಟುಕಿದ ಮೇಲೆ ಮೊದಲನೆಯವನಿಗೆ ಮರಾಠಿ ಬರುವ ಅಗತ್ಯವೂ ಉಳಿದಿಲ್ಲ. ಗಡಿಯಲ್ಲಿ ಹುಟ್ಟಿ ಎರಡು ಭಾಷೆ ಕಲಿತವನ ಬಂಡವಾಳವೆಂದರೆ ಆ ಎರಡನೆಯ ಭಾಷೆ. ಅದನ್ನು ಓದಿಗೆ ಬಳಸಿದವನಿಗೂ ಮರೆಗೆ ಬಳಸಿದವನಿಗೂ ನಿಯಮ ವ್ಯತ್ಯಾಸ ಕಾಣದು. ವ್ಯಾಖ್ಯೆಯ ಪ್ರಕಾರ ಎರಡನೆಯದು ಕೃತಿಚೌರ್ಯ, ಅಳತೆಯ ಪ್ರಕಾರ ಸ್ವೋಪಜ್ಞ.

ಜಾನಪದ ಕ್ಷೇತ್ರಕಾರ್ಯದಲ್ಲಿ ಇದು ಇನ್ನೂ ಒಂದು ಮಜಲು ಕೆಳಗಿಳಿಯುತ್ತದೆ. ತಾಳವಾಡಿಗೆ ಹೊಂದಿಕೊಂಡ ಸೀಮೆಯಲ್ಲಿ ಮಲೆ ಮಹದೇಶ್ವರನ ಕಥನವನ್ನು ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು ಇದ್ದಾರೆ. ಅಂಥ ಗಾಯಕರೊಬ್ಬರು ಇಡೀ ರಾತ್ರಿ ಹಾಡಿದ್ದನ್ನು ಧ್ವನಿಮುದ್ರಿಸಿ, ಸಾಲುಗಳ ನಡುವೆ ಅವರೇ ಬಿಡಿಸಿ ಹೇಳಿದ ಅರ್ಥವನ್ನು ಸಂಶೋಧಕ ತನ್ನ ವಿಶ್ಲೇಷಣೆಯೆಂದು ಬರೆದರೆ, ಆ ಮಾತು ಎಲ್ಲಿಯೂ ಅಚ್ಚಾಗಿಲ್ಲದ್ದರಿಂದ ಯಾವ ಭಂಡಾರಕ್ಕೂ ತಾಳೆಯಾಗುವುದಿಲ್ಲ. ಅಚ್ಚಾಗದ ಮಾತು ಯಂತ್ರದ ಲೆಕ್ಕದಲ್ಲಿ ಯಾರದೂ ಅಲ್ಲ. ಮೊದಲು ಬೆರಳಚ್ಚು ಮಾಡಿದವನದು. ಗಾಯಕರ ಹೆಸರು, ವಯಸ್ಸು, ಜಾತಿ, ಊರು ಅನುಬಂಧದ 'ವಕ್ತೃಗಳ ಪಟ್ಟಿ'ಯಲ್ಲಿ ಒಂದು ಸಾಲಾಗುತ್ತವೆ. ಪಟ್ಟಿಯ ಯಾವ ಹೆಸರು ಪ್ರಬಂಧದ ಯಾವ ವಾಕ್ಯಕ್ಕೆ ಸೇರಿದ್ದೆಂದು ಓದುಗರಿಗೆ ತಿಳಿಯುವುದೇ ಇಲ್ಲ. ಇದನ್ನು ಕೃತಿಚೌರ್ಯವೆಂದು ಕರೆಯಲು ವಿದ್ವತ್ ವಲಯ ಹಿಂದೇಟು ಹಾಕುವುದಕ್ಕೆ ಕಾರಣ ನಿಯಮದ ದೋಷವೊಂದೇ ಅಲ್ಲ. ಓದು ಬರಹ ಬಾರದವರಿಗೆ ಹಾಡು ಇರಬಹುದು, ವಿಚಾರ ಇರಲಾರದು ಎಂಬ ಹಳೆಯ ಎಣಿಕೆ ಅದರ ಹಿಂದಿದೆ. ವರ್ಜೀನಿಯಾದ ಸಂಹಿತೆಯಲ್ಲಿ ಗೌರವ ಯಾರಿಗಿದೆಯೆಂದು ಮೊದಲೇ ತೀರ್ಮಾನವಾಗಿದ್ದ ಹಾಗೆಯೇ, ಇಲ್ಲಿ ಕರ್ತೃತ್ವ ಯಾರಿಗಿದೆ ಎಂಬುದೂ ಮೊದಲೇ ತೀರ್ಮಾನವಾಗಿದೆ.

ದೂರು ಬಂದಾಗ ಯಾರು ಓದುತ್ತಾರೆ? ನಿಯಮಾವಳಿಯ ಪ್ರಕಾರ ವಿಭಾಗದ ಮಟ್ಟದ ಸಮಿತಿಯಲ್ಲಿ ಮೂವರು: ಅಧ್ಯಕ್ಷರಾಗಿ ವಿಭಾಗದ ಮುಖ್ಯಸ್ಥರು, ವಿಭಾಗದ ಹೊರಗಿನ ಒಬ್ಬ ಹಿರಿಯ ವಿದ್ವಾಂಸರು, ಕೃತಿಚೌರ್ಯ ತಪಾಸಣೆಯ ತಂತ್ರಾಂಶ ಬಲ್ಲ ಒಬ್ಬರು. ಸಂಸ್ಥೆಯ ಮಟ್ಟದ ಸಮಿತಿಯಲ್ಲಿ ನಾಲ್ವರು; ಅಲ್ಲಿಯೂ ತಂತ್ರಾಂಶ ಬಲ್ಲವರಿಗೆ ಒಂದು ಸ್ಥಾನ ಮೀಸಲು. ಎರಡಕ್ಕೂ ನಲವತ್ತೈದು ನಲವತ್ತೈದು ದಿನಗಳ ಗಡುವು. ಮೂಲದ ಭಾಷೆ ಬಲ್ಲವರಿಗೆ ಯಾವ ಸಮಿತಿಯಲ್ಲೂ ಸ್ಥಾನವಿಲ್ಲ. ಕರ್ನಾಟಕದ ಹೊರಗಿನ ವಿಶ್ವವಿದ್ಯಾಲಯದ ಕನ್ನಡ ವಿಭಾಗವೊಂದರಲ್ಲಿ ಇಬ್ಬರೋ ಮೂವರೋ ಅಧ್ಯಾಪಕರಿದ್ದು, ಆರೋಪಿತ ಪ್ರಬಂಧದ ಮಾರ್ಗದರ್ಶಕರೇ ಮುಖ್ಯಸ್ಥರಾಗಿದ್ದರೆ, ಹೊರಗಿನ ವಿದ್ವಾಂಸರಿಗೆ ಕನ್ನಡವೇ ಬಾರದಿದ್ದರೆ, ಸಮಿತಿಯಲ್ಲಿ ಓದಬಲ್ಲ ಏಕೈಕ ಸದಸ್ಯ ತಂತ್ರಾಂಶವೇ ಆಗಿಬಿಡುತ್ತದೆ. ಅದಕ್ಕೂ ಕನ್ನಡ ಎಷ್ಟು ಬರುತ್ತದೆಂಬುದು ಮೇಲೆ ಕಂಡದ್ದೇ.

ಆದರೂ ಇದೇ ಪಠ್ಯದಲ್ಲಿ ಕಣ್ಣಿಗೆ ಬೀಳದೆ ಉಳಿದ ಒಂದು ಅವಕಾಶವಿದೆ. ಪ್ರತಿ ಸಂಸ್ಥೆಯೂ ಕೃತಿಚೌರ್ಯದ ಕುರಿತು ತನ್ನದೇ ನೀತಿಯನ್ನು ರೂಪಿಸಿ, ತನ್ನ ಶಾಸನಬದ್ಧ ಮಂಡಳಿಗಳ ಒಪ್ಪಿಗೆ ಪಡೆಯಬೇಕೆಂದು ನಿಯಮಾವಳಿ ಹೇಳುತ್ತದೆ. ಸಂಸ್ಥೆಗಳು ಸಾಮಾನ್ಯವಾಗಿ ಮಾಡುವುದು ಆಯೋಗದ ಮಾತುಗಳನ್ನೇ ನಕಲಿಸಿ ತಮ್ಮ ಹೆಸರು ಹಾಕಿಕೊಳ್ಳುವುದು; ಕೃತಿಚೌರ್ಯ ತಡೆಯ ನೀತಿಗಳನ್ನು ಒಂದರ ಪಕ್ಕ ಒಂದಿಟ್ಟು ಸಾಮ್ಯ ತಪಾಸಣೆ ಮಾಡಿಸಿದರೆ ಬರುವ ಅಂಕಿ ಸ್ವಾರಸ್ಯಕರವಾಗಿರಬಹುದು. ಆದರೆ ಸಂಶೋಧಕ ತಾನು ಯಾವ ಯಾವ ಭಾಷೆಗಳಲ್ಲಿ ಮೂಲವನ್ನು ಓದಿದ, ಯಾವ ಅನುವಾದ ಯಾರದು, ಯಾವ ವಿವರಣೆ ಯಾವ ವಕ್ತೃವಿನದು ಎಂದು ಘೋಷಣೆಯಲ್ಲೇ ಬರೆಯಬೇಕೆಂದು ವಿಭಾಗವೊಂದು ಸೇರಿಸುವುದಾದರೆ ಆಯೋಗದ ಯಾವ ವಾಕ್ಯವೂ ಅಡ್ಡ ಬರುವುದಿಲ್ಲ. ಹೊರಗಿನ ಹಿರಿಯ ವಿದ್ವಾಂಸರೆಂದರೆ ಇಂಥ ವಿಭಾಗದವರೇ ಆಗಿರಬೇಕೆಂಬ ಷರತ್ತೂ ಅಲ್ಲಿಲ್ಲ. ಕಾಸರಗೋಡಿನ ಪ್ರಬಂಧಕ್ಕೆ ಮಲಯಾಳ ವಿಭಾಗದಿಂದ, ಸೊಲ್ಲಾಪುರದ್ದಕ್ಕೆ ಮರಾಠಿಯಿಂದ, ಅದವಾನಿ ರಾಯದುರ್ಗಗಳ ಕುರಿತಾದದ್ದಕ್ಕೆ ತೆಲುಗಿನಿಂದ ಒಬ್ಬರನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಲು ನಿಯಮ ತಿದ್ದುವ ಅಗತ್ಯವಿಲ್ಲ. ಕುಲಪತಿಗಳ ಒಂದು ನಾಮನಿರ್ದೇಶನ ಪತ್ರ ಸಾಕು.